ಅಮ್ಮ ಸಾಕ್ಷಿ ಹೇಳಿದ ಕ್ರಿಸ್ಮಸ್

ಹೋದ ವಾರ ಅತ್ತಿಬೆಲೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಶಿಫ್ಟ್ ಮುಗಿಸಿದವರ ಗುಂಪೊಂದು ಬಂದು ನನ್ನ ಸುತ್ತ ನಿಂತಿತು. ಅವರ ಬಟ್ಟೆಯಿಂದ ಮೆಷಿನ್ ಆಯಿಲ್ಲಿನ ವಾಸನೆ ಬರುತ್ತಿತ್ತು. ಎಷ್ಟು ಒಗೆದರೂ ಹೋಗದ, ಸ್ವಲ್ಪ ಸುಟ್ಟಂತಹ, ಸ್ವಲ್ಪ ಸಿಹಿಯಾದ ವಾಸನೆ ಅದು. ಎದುರಿನ ಬೇಕರಿಯವನು ಏಣಿ ಹತ್ತಿ ಕಾಗದದ ನಕ್ಷತ್ರ ಕಟ್ಟುತ್ತಿದ್ದ. ವಾಸನೆ, ನಕ್ಷತ್ರ ಎರಡೂ ಒಟ್ಟಿಗೇ ಬಂದದ್ದರಿಂದ ನನಗೆ ನಿಲ್ಲಲಾಗಲಿಲ್ಲ. ಬಂದ ಬಸ್ಸನ್ನು ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಬಾಗಲಗುಂಟೆಯನ್ನು ಮರೆತಿದ್ದೇನೆ ಎಂದುಕೊಂಡಿದ್ದೆ.

ಆ ವರ್ಷ ನಾವು ಬಾಗಲಗುಂಟೆಯಲ್ಲಿ ನಂಜಮ್ಮನವರ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾವೆಂದರೆ ನನ್ನ ಅಮ್ಮ ಎಸ್ತರಮ್ಮ, ತಮ್ಮ ಕಿರಣ ಮತ್ತು ನಾನು. ಅಮ್ಮ ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ನಾನು ಮೇನ್ ರೋಡಿನ ಮೆಡಿಕಲ್ ಸ್ಟೋರಿನಲ್ಲಿ ಬಿಲ್ ಹಾಕುತ್ತಿದ್ದೆ. ಕಿರಣ ಜಯರಾಜ್ ಅಂಕಲ್ಲಿನ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುತ್ತಿದ್ದ.

ಜಯರಾಜ್ ಅಂಕಲ್ ಅಂದರೆ ಯಾರೆಂದು ಮೊದಲು ಹೇಳಬೇಕು. ಅವರು ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರು. ಭಾನುವಾರ ಮುಂದಿನ ಸಾಲಿನಲ್ಲಿ ಕೂರುವವರು. ಪೀಣ್ಯದಲ್ಲಿ ಅವರದೊಂದು ತಗಡಿನ ಕೆಲಸದ ವರ್ಕ್‌ಶಾಪ್ ಇತ್ತು. ಸಭೆಯ ಅರ್ಧ ಹುಡುಗರು ಅಲ್ಲೇ ದುಡಿಯುತ್ತಿದ್ದರು. ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳುವುದಿಲ್ಲ. ಅಪ್ಪ ತೀರಿಕೊಂಡಾಗ ಸ್ಮಶಾನದಲ್ಲಿ ಜಾಗವಿರಲಿಲ್ಲ. ಬೆಂಗಳೂರಿನಲ್ಲಿ ನಮ್ಮವರು ಸತ್ತರೆ ಮೊದಲು ಬರುವ ಪ್ರಶ್ನೆ ಅದೇ. ಹೊಸ ಗುಂಡಿ ಸಿಗುವುದಿಲ್ಲ. ಮನೆತನದ ಹಳೆಯ ಸಮಾಧಿ ಇದ್ದರೆ ಅದನ್ನೇ ತೆರೆಯಬೇಕು. ನಮಗೆ ಅಂಥದ್ದು ಇರಲಿಲ್ಲ. ಅಂಕಲ್ ತಮ್ಮ ತಾಯಿಯ ಸಮಾಧಿಯನ್ನು ತೆರೆಸಿ ಅಪ್ಪನನ್ನು ಅಲ್ಲಿ ಮಲಗಿಸಿದರು. ಅವರ ತಾಯಿಯ ಹೆಸರಿನ ಕೆಳಗೆ ಅಪ್ಪನ ಹೆಸರಿನ ಸಣ್ಣ ಕಲ್ಲನ್ನೂ ಕೂರಿಸಿಕೊಟ್ಟರು. ಅವತ್ತಿನಿಂದ ಅಮ್ಮ ಅವರನ್ನು ಒಡಹುಟ್ಟಿದ ಅಣ್ಣನೆಂದೇ ತಿಳಿದಿದ್ದಳು.

ಕಿರಣನ ಕೈ ಹೋದದ್ದು ನವೆಂಬರ್ ಕೊನೆಯಲ್ಲಿ. ಸಭೆಯಲ್ಲಿ ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ ಮೊದಲ ಭಾನುವಾರ ಕಳೆದು ಮಾರನೆಯ ದಿನ.

ಆ ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ತಗಡನ್ನು ಅಚ್ಚಿನ ಮೇಲಿಟ್ಟು ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ. ಎರಡೂ ಕೈ ಬಟನ್ನಿನ ಮೇಲಿದ್ದಾಗ ಯಾವ ಕೈಯೂ ಅಚ್ಚಿನ ಮೇಲೆ ಇರಲಾರದು. ರಕ್ಷಣೆ ಇರುವುದೇ ಅದರಲ್ಲಿ. ಕೆಲಸ ಬೇಗ ಆಗಲೆಂದು ಅಂಕಲ್ಲಿನ ವರ್ಕ್‌ಶಾಪಿನಲ್ಲಿ ಒಂದು ಬಟನ್ನನ್ನು ಒತ್ತಿಹಿಡಿದು ಟೇಪ್ ಸುತ್ತಿಬಿಟ್ಟಿದ್ದರು. ಎಡಗೈ ಬಟನ್ ಒತ್ತುವುದು, ಬಲಗೈ ತಗಡು ಇಡುವುದು. ಹಬ್ಬದ ಮುಂಚೆ ಆರ್ಡರ್ ಮುಗಿಸಬೇಕೆಂದು ಎರಡು ಶಿಫ್ಟ್ ಸೇರಿಸಿ ಮಾಡುತ್ತಿದ್ದ ಹುಡುಗನ ಎಡಗೈ ಒಮ್ಮೆ ಬಲಗೈ ಹಿಂದೆ ಬರುವ ಮುಂಚೆಯೇ ಬಟನ್ ಒತ್ತಿತು. ಅಷ್ಟೇ. ಹೆಬ್ಬೆಟ್ಟೊಂದನ್ನು ಬಿಟ್ಟು ಬಲಗೈಯ ಬೆರಳೆಲ್ಲ ಹೋದವು.

ನಾನು ಆಸ್ಪತ್ರೆಗೆ ಓಡಿದಾಗ ಅಂಕಲ್ ಆಗಲೇ ಅಲ್ಲಿದ್ದರು. ಅವರ ಶರ್ಟಿಗೆ ರಕ್ತ ಮೆತ್ತಿತ್ತು. ಅವರೇ ಕಿರಣನನ್ನು ಎತ್ತಿ ಕಾರಿಗೆ ಹಾಕಿಕೊಂಡು ಬಂದಿದ್ದರು. ಖರ್ಚೆಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿದರು, ನೋಡಿಕೊಂಡರು ಕೂಡ. ಆದರೆ ಡಾಕ್ಟರ್ ಹೇಗಾಯಿತೆಂದು ಕೇಳಿದಾಗ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಹುಡುಗ ಫೋನ್ ನೋಡ್ತಿದ್ದ ಅನ್ಸತ್ತೆ ಡಾಕ್ಟ್ರೇ. ಎಷ್ಟು ಹೇಳಿದ್ರೂ ಕೇಳಲ್ಲ ಈಗಿನೋರು."

ಕಿರಣನ ಫೋನು ಲಾಕರಿನಲ್ಲಿತ್ತು. ಅವನ ಜೊತೆ ಕೆಲಸ ಮಾಡುತ್ತಿದ್ದ, ನಮ್ಮ ಸಭೆಯವನೇ ಆದ ಮೋಸೆಸ್ ಅದನ್ನು ಆಮೇಲೆ ತಂದುಕೊಟ್ಟ. ಟೇಪ್ ಸುತ್ತಿದ ಬಟನ್ನಿನ ವಿಷಯವನ್ನು ನಮಗೆ ಹೇಳಿದವನೂ ಅವನೇ. "ಹಬ್ಬ ಕಳೀಲಿ ಮಗಾ, ಸ್ಟೇಷನ್ನಿಗೆ ನಾನೂ ಬರ್ತೀನಿ. ನೋಡಿದ್ದು ನೋಡಿದಂಗೆ ಹೇಳ್ತೀನಿ," ಎಂದು ಕಿರಣನಿಗೆ ಮಾತು ಕೊಟ್ಟ. ಕಿರಣ ಅದನ್ನೇ ನಂಬಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದ. ಅಮ್ಮ ಅನ್ನ ಕಲಸಿ ತುತ್ತು ಎತ್ತಿದರೆ ಮುಖ ತಿರುಗಿಸಿ ಸ್ಪೂನ್ ಕೇಳುತ್ತಿದ್ದ. ಎಡಗೈಯಲ್ಲಿ ಸ್ಪೂನ್ ಹಿಡಿದರೆ ಅರ್ಧ ಅನ್ನ ಚಾಪೆಗೆ ಬೀಳುತ್ತಿತ್ತು. ಅವನಿಗೆ ಮುಜುಗರವಾಗಬಾರದೆಂದು ನಾವು ಬೇರೆ ಕಡೆ ತಿರುಗಿ ಉಣ್ಣುತ್ತಿದ್ದೆವು.

ಡಿಸೆಂಬರಿನ ಪ್ರತಿ ಭಾನುವಾರ ನಮ್ಮ ಅಯ್ಯನವರು ಒಂದೇ ವಿಷಯದ ಮೇಲೆ ಪ್ರಸಂಗ ಮಾಡಿದರು. ಸಭೆಯ ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತೇವೆ. ಕ್ರಿಸ್ಮಸ್ ಎಂದರೆ ಕೇಕು, ಹೊಸ ಬಟ್ಟೆ ಅಲ್ಲ. ದೇವರು ತನ್ನ ಮಗನನ್ನೇ ಕೊಟ್ಟ ದಿನ. ಕೊಡುವುದೇ ಹಬ್ಬ. ನಿಮ್ಮ ಹತ್ತಿರ ಬಿಟ್ಟುಕೊಡಲಾಗದ್ದು ಏನಿದೆ, ಅದನ್ನು ಬಿಟ್ಟುಕೊಡಿ. ಸಿಟ್ಟನ್ನು ಬಿಟ್ಟುಕೊಡಿ. ಎಲ್ಲ ವರ್ಷವೂ ಹೇಳುವ ಮಾತುಗಳೇ ಅವು. ಆದರೆ ಆ ವರ್ಷ ಹೇಳುವಾಗ ಅವರ ಕಣ್ಣು ನಮ್ಮ ಬೆಂಚಿನ ಕಡೆಗೆ ಬರುತ್ತಿತ್ತು.

ಅಮ್ಮನಿಗೆ ಆ ಮಾತುಗಳು ಹೊಸದಲ್ಲ. ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡು ಹಬ್ಬದ ತಿಂಡಿ ಕರಿಯುವಾಗ ಅವಳು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು. "ದೇವ್ರು ಮೇಲೇ ಇದ್ದಿದ್ರೆ ನಮಗೇನು? ಇಳಿದು ಬಂದ. ನಮ್ಮಂಗೆ ಹಸ್ಕೊಂಡ, ಚಳಿಗೆ ಅತ್ತ. ಅದಕ್ಕೇ ಹಬ್ಬ." ಅವಳ ಭಕ್ತಿ ನಾಟಕದ್ದಲ್ಲ. ಮುಂದೆ ಆದದ್ದಕ್ಕೆ ಅವಳನ್ನು ಬೈಯಲು ನನಗೆ ಕಷ್ಟವಾಗುವುದು ಅದಕ್ಕೇ.

ಹಬ್ಬಕ್ಕೆ ಮೂರ್ನಾಲ್ಕು ದಿನವಿದೆ ಎನ್ನುವಾಗ ಕ್ಯಾರಲ್ ಹಾಡುವವರು ಸಂಜೆ ನಮ್ಮ ಮನೆಗೆ ಬಂದರು. ಕ್ರಿಸ್ಮಸ್ ತಾತನ ವೇಷದವನು ಕುಣಿದ, ಹುಡುಗಿಯರು ಚಪ್ಪಾಳೆ ತಟ್ಟಿ ಹಾಡಿದರು. ಚಪ್ಪಾಳೆ ಶುರುವಾದ ಕೂಡಲೇ ಕಿರಣ ಎದ್ದು ಟೆರೇಸಿಗೆ ಹೋದ. ಹಾಡು ಮುಗಿದ ಮೇಲೆ ಅಯ್ಯನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಒಳಗೆ ಟೀ ಸೋಸುತ್ತಿದ್ದೆ.

"ಎಸ್ತರಮ್ಮ, ಹಬ್ಬದ ಆರಾಧನೇಲಿ ಈ ಸಲ ನೀವು ಸಾಕ್ಷಿ ಹೇಳ್ಬೇಕು," ಎಂದರು. ದೇವರು ಬಾಳಿನಲ್ಲಿ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ.

"ಏನಂತ ಹೇಳ್ಲಿ ಅಯ್ಯನವರೇ?"

"ಜಯರಾಜಣ್ಣ ಊಟ ಬಿಟ್ಟಿದಾರೆ. ಹುಡುಗರು ಕೇಸು ಗೀಸು ಅಂತ ಮಾತಾಡ್ತಿದಾರೆ. ಸಭೆ ಒಡೆದುಹೋಗತ್ತಮ್ಮ. ಕ್ಷಮಿಸಿದೀನಿ ಅಂತ ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು."

"ಕೈ ಹೋಗಿದ್ದು ಕಿರಣಂದು."

"ಅವನು ಹುಡುಗ. ನೀವು ತಾಯಿ." ಅವರು ದನಿ ತಗ್ಗಿಸಿದರು. "ನಿಮ್ಮ ಯಜಮಾನ್ರು ಯಾರ ಮಣ್ಣಲ್ಲಿ ಮಲಗಿದಾರೆ ಅನ್ನೋದು ಒಂದ್ಸಲ ಯೋಚನೆ ಮಾಡಿ."

ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಯ್ಯನವರು ತಲೆ ಬಗ್ಗಿಸಿ ಪುಟ್ಟ ಪ್ರಾರ್ಥನೆ ಮಾಡಿ, ಟೀ ಕುಡಿದು, ಹಾಡುವವರ ಜೊತೆ ಮುಂದಿನ ಮನೆಗೆ ಹೋದರು.

ಹಬ್ಬದ ಬೆಳಗ್ಗೆ ಅಮ್ಮ ಹಸಿರಂಚಿನ ಬಿಳಿ ಸೀರೆ ಉಟ್ಟಿದ್ದಳು. ಪ್ರತಿ ವರ್ಷ ಸಭೆಯ ವಿಧವೆಯರಿಗೆ ಅಂಕಲ್ಲಿನ ಹೆಂಡತಿ ಕೊಡುವ ಸೀರೆ ಅದು. ಒಂದೇ ಬಣ್ಣದ ಸೀರೆಯಲ್ಲಿ ಎಲ್ಲ ವಿಧವೆಯರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಕಿರಣನಿಗೆ ನಾನು ಶರ್ಟಿನ ಗುಂಡಿ ಹಾಕಿಕೊಟ್ಟೆ. ಅಯ್ಯನವರು ಏನು ಕೇಳಿದ್ದರೆಂದು ಅಮ್ಮ ಅವನಿಗೆ ಹೇಳಿರಲಿಲ್ಲ. ನೀನೂ ಹೇಳಬೇಡ ಎಂದಿದ್ದಳು. ಅವಳು ಕೊನೆಗೆ ಮನಸ್ಸು ಬದಲಿಸುತ್ತಾಳೆ ಎಂದೇ ನಾನು ನಂಬಿದ್ದೆ.

ಆರಾಧನೆಯ ನಡುವೆ ಅಯ್ಯನವರು ಕರೆದಾಗ ಅವಳು ಎದ್ದು ನಿಂತಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದೇವರು ತನ್ನ ಮಗನನ್ನ ನಮಗೋಸ್ಕರ ಕೊಟ್ಟ. ನನ್ನ ಮಗನಿಗೆ ಆಗಿದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಜಯರಾಜಣ್ಣನ ಮೇಲೆ ಇಲ್ಲ. ನನ್ನ ಮನೆಯವರೆಲ್ಲ ಅವರನ್ನ ಕ್ಷಮಿಸಿದೀವಿ. ಈ ವಿಷಯ ಇಲ್ಲಿಗೆ ಮುಗೀತು."

"ಸ್ತೋತ್ರ," ಎಂದಿತು ಸಭೆ. ಹಿಂದಿನ ಬೆಂಚುಗಳಲ್ಲಿ ಹೆಂಗಸರು ಅಳುತ್ತಿದ್ದರು. ಜಯರಾಜ್ ಅಂಕಲ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು; ಅವರ ಹೆಗಲು ಕುಲುಕುತ್ತಿತ್ತು. ಆ ಅಳು ನಿಜವೇ ಇರಬೇಕು. ಒಬ್ಬರಿಗೊಬ್ಬರು ಕೈಹಿಡಿದು ಸಮಾಧಾನ ಹಂಚಿಕೊಳ್ಳಿ ಎಂದು ಅಯ್ಯನವರು ಹೇಳಿದರು. ಆರಾಧನೆಯಲ್ಲಿ ಹಾಗೆ ಮಾಡುವುದು ರೂಢಿ: ಎರಡೂ ಕೈ ಚಾಚಿ ಪಕ್ಕದವರ ಕೈ ಹಿಡಿದು 'ಸಮಾಧಾನ' ಎನ್ನಬೇಕು. ಅಂಕಲ್ ನೇರವಾಗಿ ಕಿರಣನ ಹತ್ತಿರ ಬಂದು ಬಲಗೈ ಚಾಚಿದರು. ಚಾಚಿದ ಮೇಲೆ ಬ್ಯಾಂಡೇಜು ಕಾಣಿಸಿತು. ಗಡಿಬಿಡಿಯಲ್ಲಿ ಅವನ ಎಡಗೈಯನ್ನು ಎಳೆದು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು, "ಸಮಾಧಾನ ಕಂದ," ಎಂದರು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಆ ಫೋಟೋ ಮಧ್ಯಾಹ್ನದೊಳಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿತ್ತು, ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಫೋಟೋದಲ್ಲಿ ಕಿರಣ ಅಮ್ಮನನ್ನೇ ನೋಡುತ್ತಿದ್ದಾನೆ.

ಮನೆಗೆ ಬಂದು ಊಟಕ್ಕೆ ಕೂತಾಗ ಅವನು ಕೂಗಾಡಲಿಲ್ಲ. ಬಹಳ ನಿಧಾನವಾಗಿ ಕೇಳಿದ.

"ದೇವ್ರು ತನ್ನ ಮಗನ್ನ ಕೊಟ್ಟ ಅಂದ್ಯಲ್ಲಮ್ಮ. ಸರಿ. ಮಗನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. ಆಮೇಲೆ ಎಷ್ಟು ಪ್ರಸಂಗ ಕೇಳಿದ್ದೇನೆ, ಇದಕ್ಕೆ ಉತ್ತರ ಹೇಳಿದ ಅಯ್ಯನವರನ್ನು ಇನ್ನೂ ನೋಡಿಲ್ಲ.

ಹಬ್ಬ ಕಳೆದ ಮೇಲೆ ಕಿರಣ ಮೋಸೆಸ್‌ನ ಮನೆಗೆ ಹೋದ. ನಾನೂ ಜೊತೆಗಿದ್ದೆ. ಮೋಸೆಸ್ ಬಾಗಿಲಲ್ಲೇ ನಿಂತು ಮಾತಾಡಿದ.

"ಬೇಜಾರ್ ಮಾಡ್ಕೋಬೇಡ ಗುರು. ನಿಮ್ಮಮ್ಮನೇ ಎದ್ದು ನಿಂತು ಮುಗೀತು ಅಂದ್ಮೇಲೆ ನಾನ್ಯಾರು? ನಾಳೆ ಸ್ಟೇಷನ್ನಲ್ಲಿ ಆ ವಿಡಿಯೋ ತೋರಿಸಿದ್ರೆ ನಾನೇ ಸುಳ್ಳುಗಾರ ಆಗ್ತೀನಿ."

ಅಮ್ಮನ ಮಾತನ್ನು ವಿಡಿಯೋ ಮಾಡಿಟ್ಟುಕೊಂಡಿದ್ದಾರೆಂದು ನಮಗೆ ಗೊತ್ತಾದದ್ದು ಆಗ. ಕಿರಣ ದೂರು ಕೊಡಲಿಲ್ಲ. ಅಂಕಲ್ ವರ್ಕ್‌ಶಾಪಿನ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದರು, ಅವನು ಹೋಗಲಿಲ್ಲ. ಜನವರಿಯಲ್ಲಿ ಒಂದು ಬ್ಯಾಗಿಗೆ ಬಟ್ಟೆ ತುಂಬಿಸಿಕೊಂಡು ಸಿಂಗಸಂದ್ರದಲ್ಲಿದ್ದ ಸ್ನೇಹಿತನ ರೂಮಿಗೆ ಹೊರಟುಹೋದ. ಅಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಅಮ್ಮ ಫೋನ್ ಮಾಡಿದರೆ ಎತ್ತುತ್ತಿದ್ದ. ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ. ಇಷ್ಟೇ.

ಮುಂದಿನ ನವೆಂಬರಿನ ಒಂದು ಬೆಳಗ್ಗೆ ನಂಜಮ್ಮನವರು ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನ ಆ ಹೆಂಗಸು ಬಾಡಿಗೆ ಕೇಳಲೂ ಮೇಲೆ ಬರುತ್ತಿರಲಿಲ್ಲ.

"ಎಸ್ತರಮ್ಮ, ನಿನ್ ಮಗ ಇದ್ನಲ್ಲ, ಅದೇ ವರ್ಕ್‌ಸಾಪಲ್ಲಿ ನೆನ್ನೆ ಇನ್ನೊಬ್ಬಂದು ಕೈ ಓಯ್ತಂತೆ. ಕೆಳಗಿನ ರೂಮಿನ ಉಡುಗ್ರು ಯೋಳಿದ್ರು. ಅದೇ ಮಿಸಿನ್ನಂತೆ." ಏದುಸಿರು ಬಿಡುತ್ತ ಅವರು ಹೊಸ್ತಿಲ ಮೇಲೆ ಕೂತರು. "ಅಂಗಾರೆ ಅದುನ್ನ ಯಾರೂ ಸರಿ ಮಾಡ್ಸೇ ಇಲ್ವಾ?"

ಕೈ ಹೋದವನ ಹೆಸರು ದಿಲೀಪ. ಒಡಿಶಾದವನು, ಮೂವತ್ತರ ಆಸುಪಾಸಿನವನು. ನಮ್ಮ ಸಭೆಯವನಲ್ಲ, ನಮ್ಮ ಮತದವನೂ ಅಲ್ಲ. ಎರಡು ದಿನ ಬಿಟ್ಟು ಅಯ್ಯನವರು ಅಮ್ಮನನ್ನು ಕರೆಸಿಕೊಂಡರು. ವಾಪಸ್ ಬಂದ ಅಮ್ಮ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತು ಹೇಳಿದಳು.

"ಆಸ್ಪತ್ರೆಗೆ ಹೋಗಿ ಅವನ ಹೆಂಡ್ತಿ ಹತ್ರ ಮಾತಾಡ್ಬೇಕಂತೆ. ನಿಮ್ಮ ಸಾಕ್ಷಿಯಿಂದ ನಮ್ಮ ಸಭೆ ಉಳೀತು, ಅವರಿಗೂ ಅದನ್ನ ಹೇಳಿ ಅಂದ್ರು. ಹೇಳೋಕೆ ನಾನೇ ಸರಿಯಾದೋಳಂತೆ."

ಮಾರನೆಯ ದಿನ ಬ್ರೆಡ್ಡು, ಬಾಳೆಹಣ್ಣು ತೆಗೆದುಕೊಂಡು ಇಬ್ಬರೂ ಹೋದೆವು. ಅಮ್ಮ ನಿಜಕ್ಕೂ ಕ್ಷಮೆಯ ಮಾತು ಹೇಳಲೆಂದೇ ಹೊರಟಿದ್ದಳೋ ಏನೋ ನನಗೆ ಗೊತ್ತಿಲ್ಲ. ದಿಲೀಪ ಔಷಧದ ಮಂಪರಿನಲ್ಲಿ ಮಲಗಿದ್ದ. ಎದೆಯ ಮೇಲೆ ಬಿಳಿ ಬ್ಯಾಂಡೇಜಿನ ಮುದ್ದೆ. ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ಅವನ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ನೀವು ಯಾರೆಂದು ಹಿಂದಿಯಲ್ಲಿ ಕೇಳಿದಳು. ಅಮ್ಮನಿಗೆ ಹಿಂದಿ ಬಾರದು. ನನ್ನ ಕಡೆ ತಿರುಗಿದಳು.

"ಒಂದು ಬಟನ್ನಿಗೆ ಟೇಪ್ ಸುತ್ತಿತ್ತಾ ಅಂತ ಕೇಳು."

ಕೇಳಿದೆ. ಆ ಹೆಂಗಸು ತಲೆಯಾಡಿಸಿದಳು. ಗಂಡ ಮನೆಯಲ್ಲಿ ಹೇಳುತ್ತಿದ್ದನಂತೆ. ಟೇಪ್ ಬಿಚ್ಚಿದರೆ ಸೂಪರ್‌ವೈಸರ್ ಬೈಯುತ್ತಾರೆ ಎನ್ನುತ್ತಿದ್ದನಂತೆ.

ಅಮ್ಮ ಬ್ರೆಡ್ಡು, ಹಣ್ಣನ್ನು ಮಂಚದ ಪಕ್ಕ ಇಟ್ಟಳು. ಆ ಹೆಂಗಸಿನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಹೊರಗೆ ಬಂದ ಮೇಲೆ ನಾನು ಬಾಗಲಗುಂಟೆಗೆ ಆಟೋ ಕೇಳುತ್ತಿದ್ದರೆ ಅವಳು, "ಸ್ಟೇಷನ್ನಿಗೆ ಹೇಳು," ಎಂದಳು.

ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಅಮ್ಮ ಹೇಳುವುದನ್ನು ಬರೆದುಕೊಳ್ಳುತ್ತಿದ್ದವರು ನಡುವೆ ತಲೆಯೆತ್ತಿದರು.

"ಹೋದ ವರ್ಷಾನೇ ನಿಮ್ಮ ಮಗನಿಗೆ ಹಿಂಗಾಯ್ತು ಅಂತೀರ. ಆಗ ಯಾಕಮ್ಮ ಬರ್ಲಿಲ್ಲ?"

"ಆಗ ಕ್ಷಮಿಸ್ಬಿಟ್ಟೆ ಸಾರ್."

ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಕ್ಕ. ಸಬ್ ಇನ್ಸ್‌ಪೆಕ್ಟರ್ ನಗಲಿಲ್ಲ. "ಅವತ್ತು ಬಂದಿದ್ರೆ ಇವನ ಕೈ ಉಳೀತಿತ್ತಲ್ಲಮ್ಮ," ಎಂದು ಹೇಳಿ ಮತ್ತೆ ಬರೆಯತೊಡಗಿದರು. ಬೈಯುವ ದನಿಯಲ್ಲಿ ಹೇಳಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು. ಅವರು ಸುಮ್ಮನೆ ಲೆಕ್ಕ ಹೇಳುವವರ ಹಾಗೆ ಹೇಳಿದರು. ಅಮ್ಮ ಕುರ್ಚಿಯ ಅಂಚನ್ನು ಹಿಡಿದುಕೊಂಡು, ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಸಹಿ ಹಾಕಿದಳು.

ಸುದ್ದಿ ಸಭೆಗೆ ಮುಟ್ಟಲು ಹೊತ್ತಾಗಲಿಲ್ಲ. ಆ ಭಾನುವಾರ ನಾವು ಹೋದಾಗ ನಮ್ಮ ಬೆಂಚಿನಲ್ಲಿದ್ದವರು ಎದ್ದು ಹಿಂದೆ ಹೋಗಿ ಕೂತರು. ಸಮಾಧಾನ ಹಂಚುವ ಹೊತ್ತಿನಲ್ಲಿ ಅಮ್ಮ ಚಾಚಿದ ಕೈಯನ್ನು ಹಿಡಿಯಲು ಯಾರೂ ಬರಲಿಲ್ಲ. ಕೊನೆಗೆ ನಾನು ಹಿಡಿದುಕೊಂಡೆ. ಆ ವರ್ಷ ಕ್ಯಾರಲ್ ಹಾಡುವವರು ನಮ್ಮ ಬೀದಿಗೆ ಬಂದರು, ನಮ್ಮ ಮೆಟ್ಟಿಲು ಹತ್ತಲಿಲ್ಲ. ಕೆಳಗಿನಿಂದ ಹಾಡು ಕೇಳುತ್ತಿತ್ತು. ಭೂಮಿಯ ಮೇಲೆ ಶಾಂತಿ ಬಂತೆನ್ನುವ ಹಾಡು.

ಹಬ್ಬಕ್ಕೆ ಮುಂಚೆ ನಮ್ಮವರು ಸಮಾಧಿಗಳನ್ನು ತೊಳೆದು ಹೂವು ಹಾಕಿ ಬರುತ್ತಾರೆ. ಅಮ್ಮ, ನಾನು ಬಕೆಟ್ಟು ಹಿಡಿದುಕೊಂಡು ಹೋದೆವು. ಅಂಕಲ್ಲಿನ ತಾಯಿಯ ಹೆಸರಿನ ಕಲ್ಲಿಗೆ ಹೊಸ ಪಾಲಿಶ್ ಆಗಿತ್ತು. ಅದರ ಕೆಳಗೆ ಅಪ್ಪನ ಹೆಸರಿದ್ದ ಜಾಗದಲ್ಲಿ ಹಸಿ ಸಿಮೆಂಟು ಬಳಿದಿದ್ದರು. ಬಳಿದವರ ಕೈಗುರುತು ಅದರ ಮೇಲೆ ಹಾಗೇ ಇತ್ತು.

ಕಾವಲುಗಾರ ಹತ್ತಿರ ಬಂದ. "ಫ್ಯಾಮಿಲಿಯೋರು ಬಂದು ತೆಗೆಸಿದ್ರು ಅಕ್ಕ. ನಾನೇನೂ ಮಾಡಂಗಿರ್ಲಿಲ್ಲ."

"ಮಣ್ಣು ಅಗೆದ್ರಾ?" ಅಮ್ಮ ಕೇಳಿದಳು.

"ಇಲ್ಲ. ಕಲ್ಲು ಮಾತ್ರ."

"ಸರಿ." ಅಮ್ಮ ಸೆರಗು ಸಿಕ್ಕಿಸಿಕೊಂಡು ಸಮಾಧಿಯನ್ನು ಪೂರ್ತಿ ತೊಳೆದಳು. ಅಂಕಲ್ಲಿನ ತಾಯಿಯ ಕಲ್ಲನ್ನೂ ಒರೆಸಿದಳು. ತಂದಿದ್ದ ಸೇವಂತಿಗೆಯನ್ನು ಕಾಲಿನ ಕಡೆಯಿಂದ ತಲೆಯ ಕಡೆಗೆ ಸುರಿದಳು. ಅವಳು ಅಳುತ್ತಾಳೆಂದು ನಾನು ಕಾದೆ. ಬಾಗಿ ನಿಂತವಳು ಬೆನ್ನು ನೇರ ಮಾಡಿಕೊಂಡು ಬಕೆಟ್ಟು ಎತ್ತಿಕೊಂಡಳು.

ಹಬ್ಬದ ದಿನ ನಾವು ಆರಾಧನೆಗೆ ಹೋಗಲಿಲ್ಲ. ಮಧ್ಯಾಹ್ನ ಕಿರಣ ಬಂದ. ವರ್ಷಕ್ಕೊಮ್ಮೆಯಾದರೂ ಬಾ ಎಂದು ನಾನು ಕಾಡಿದ್ದೆ. ಅಮ್ಮ ಕೋಳಿಸಾರು ಮಾಡಿ, ಅವನ ತಟ್ಟೆಗೆ ಹಾಕುವ ಮುಂಚೆ ಮೂಳೆಗಳನ್ನೆಲ್ಲ ಬಿಡಿಸಿ ತೆಗೆದಳು. ಅವನು ಅದನ್ನು ನೋಡುತ್ತ ಕೂತಿದ್ದ. ಈಗ ಎಡಗೈಯಲ್ಲಿ ಚೆಲ್ಲದೆ ಉಣ್ಣುತ್ತಿದ್ದ. ಊಟ ಮುಗಿಯುವ ಹೊತ್ತಿಗೆ ಕೇಳಿದ.

"ಸ್ಟೇಷನ್ನಿಗೆ ಹೋಗಿದ್ಯಂತೆ. ಮೋಸೆಸ್ ಫೋನ್ ಮಾಡಿದ್ದ."

"ಹೂಂ."

"ಆ ಒಡಿಶಾದೋನು ನಿನಗೆ ಗೊತ್ತಿದ್ನಾ?"

"ಇಲ್ಲ."

"ಗೊತ್ತಿಲ್ದೇ ಇರೋನಿಗೋಸ್ಕರ ಹೋದೆ. ನನಗೋಸ್ಕರ ಹೋಗ್ಲಿಲ್ಲ."

"ಹೌದಪ್ಪ," ಎಂದಳು ಅಮ್ಮ. "ಹೋಗ್ಲಿಲ್ಲ."

ಅವನು ತಟ್ಟೆ ಎತ್ತಿಕೊಂಡು ಹೋಗಿ ತಾನೇ ತೊಳೆದಿಟ್ಟು, ಚಪ್ಪಲಿ ಮೆಟ್ಟಿ, ನನಗೆ ಮಾತ್ರ ಬರ್ತೀನಕ್ಕ ಎಂದು ಹೇಳಿ ಮೆಟ್ಟಿಲಿಳಿದ.

ಈಗ ವರ್ಕ್‌ಶಾಪಿನ ಆ ಪ್ರೆಸ್ಸಿಗೆ ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ ಬಂದಿದೆ. ಕೇಸು ನಡೆಯುತ್ತಲೇ ಇದೆ. ಜಯರಾಜ್ ಅಂಕಲ್ ಇವತ್ತಿಗೂ ಮುಂದಿನ ಸಾಲಿನಲ್ಲೇ ಕೂರುತ್ತಾರೆಂದು ಕೇಳಿದ್ದೇನೆ. ಅಮ್ಮ ದೂರದ ಇನ್ನೊಂದು ಸಭೆಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಹಿಂದಿನ ಬೆಂಚಿನಲ್ಲಿ ಕೂತು, ಸಾಕ್ಷಿಯ ಹೊತ್ತಿಗೆ ಎದ್ದು ಹೊರಗೆ ಬರುತ್ತಾಳೆ. ಕಿರಣ ಪ್ರತಿ ಕ್ರಿಸ್ಮಸ್ಸಿಗೆ ಬಂದು ಉಂಡು ಹೋಗುತ್ತಾನೆ. ಅವಳ ಜೊತೆ ಮಾತು ಅಷ್ಟಕ್ಕಷ್ಟೇ.

ಸ್ಟೇಷನ್ನಿನ ಮಾತು ಬಂದ ಆ ಹಬ್ಬದ ದಿನ ಅವನು ಮೆಟ್ಟಿಲಿಳಿದು ಹೋದ ಮೇಲೆ ನನಗೆ ಸಿಟ್ಟು ಬಂದಿತ್ತು. "ತಪ್ಪಾಯ್ತು, ಕ್ಷಮಿಸು ಅಂತ ಒಂದ್ಸಲ ಕೇಳಮ್ಮ. ಅವನು ಕಲ್ಲಲ್ಲ," ಎಂದೆ.

ಅಮ್ಮ ತಟ್ಟೆಗಳನ್ನು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹಬ್ಬದ ದಿನ ತಾಯಿ ಬಾಯಿಬಿಟ್ಟು ಕೇಳಿದ್ರೆ ಮನಸ್ಸಿಲ್ದಿದ್ರೂ ಅವನು ಕೊಡ್ಲೇಬೇಕಾಗತ್ತೆ," ಎಂದಳು. "ನಾನು ಕೇಳಲ್ಲ."